ಜಾನುವಾರು ಕಾಲಂ

ನಮ್ಮ ಓಣಿಯ ಮಕ್ಕಳು ಕುರಿಗಳು. ಇದು ಬೈಗುಳವಲ್ಲ. ಬೆಳಗಾವಿಯ ದೊಡ್ಡ ಮನುಷ್ಯರು ಮೂರು ದಿನ ಎಣಿಸಿ, ಸಹಿ ಮಾಡಿ, ಶಿಕ್ಕಾ ಒತ್ತಿದ ಕಾಗದದಲ್ಲಿ ಹಾಗೆ ಇದೆ. ಕಾಗದದಲ್ಲಿ ಬಂದ ಮೇಲೆ ಹೆತ್ತವರು ಅಲ್ಲವೆಂದರೆ ಯಾರು ಕೇಳುತ್ತಾರೆ.

ನಾನು ರಾಮಲಿಂಗ. ರಸ್ತೆ ಗ್ಯಾಂಗಿನಲ್ಲಿ ದಿನಗೂಲಿ. ಗುಂಡಿ ಮುಚ್ಚುತ್ತೇನೆ, ಡಾಂಬರು ಹುಯ್ಯುತ್ತೇನೆ, ರಸ್ತೆಯ ಮೇಲೆ ಬಿಳಿ ಗೆರೆ ಬಳಿಯುತ್ತೇನೆ. ಡಾಂಬರು ಹತ್ತಿ ಹತ್ತಿ ಅಂಗೈ ಎಷ್ಟು ಗಟ್ಟಿಯಾಗಿದೆಯೆಂದರೆ ಹಂಚಿನ ಮೇಲಿನ ರೊಟ್ಟಿ ಎತ್ತಿದರೂ ಬಿಸಿ ತಿಳಿಯುವುದಿಲ್ಲ. ನಮ್ಮ ಓಣಿ ಅನಗೋಳದ ಆಚೆ, ಖಾನಾಪುರ ರಸ್ತೆಯ ಈ ಬದಿಗೆ. ಶಾಲೆ ಆ ಬದಿಗೆ. ನಡುವೆ ಗೋವಾಕ್ಕೆ ಹೋಗುವ ರಸ್ತೆ. ಖಾನಾಪುರದ ಹಂಚು ಹೊತ್ತ ಲಾರಿ, ಕಟ್ಟಿಗೆ ಹೊತ್ತ ಲಾರಿ, ಮೀನಿನ ಲಾರಿ, ಎಲ್ಲ ಅಲ್ಲೇ ಹೋಗಬೇಕು. ಆ ರಸ್ತೆಯನ್ನು ನುಣ್ಣಗೆ ಮಾಡಿದವರಲ್ಲಿ ನಾನೂ ಒಬ್ಬ. ನುಣ್ಣಗಾದ ಮೇಲೆ ಲಾರಿಗಳು ಇನ್ನೂ ಜೋರಾದವು.

ನನ್ನ ಹಿರಿಯ ಮಗಳು ಪ್ರಮಿಳಾ ಆರನೇ ಇಯತ್ತೆಯಲ್ಲಿದ್ದಳು. ಎರಡು ಸಾವಿರದ ಇಸವಿ ಬರುವ ಮುಂಚಿನ ಶ್ರಾವಣದಲ್ಲಿ ಶಾಲೆಗೆ ಹೋಗುವಾಗ ಲಾರಿ ಬಡಿಯಿತು. ಲಾರಿ ನಿಲ್ಲಲಿಲ್ಲ. ಎಡಗಾಲು ಎರಡು ಕಡೆ ಮುರಿದು, ಕೂಡಿದಾಗ ಎರಡು ಬೆರಳಷ್ಟು ಗಿಡ್ಡವಾಯಿತು. ಅಂದಿನಿಂದ ಅವಳು ಶಾಲೆ ಬಿಟ್ಟಳು. ನನ್ನ ಹೆಂಡತಿ ಶಿವಬಸವ್ವ ಕಿರಿಯವಳಾದ ಶೀತಲಳ ಪಾಟೀಚೀಲವನ್ನು ಗೂಟಕ್ಕೆ ಸಿಕ್ಕಿಸಿ ಹೇಳಿದಳು.

"ಒಂದು ಕಾಲು ಕೊಟ್ಟೇವಿ. ಇನ್ನೊಂದು ಕೊಡಾಂಗಿಲ್ಲ. ಅಕ್ಷರ ಬರಲಿಲ್ಲಂದ್ರ ನನ್ನಂಗ ಇರ್ತಾಳ. ಇರ್ತಾಳಲ್ಲ, ಅಷ್ಟ ಸಾಕು."

ನಾನು ಗುದ್ದಲಿ ಎತ್ತಿಕೊಂಡು ಅದೇ ರಸ್ತೆಯ ಕೆಲಸಕ್ಕೆ ಹೋದೆ.

ಚಳಿಗಾಲಕ್ಕೆ ನನ್ನ ಅಕ್ಕ ಸಾತವ್ವ ಬಂದಳು. ಅವಳ ಗಂಡನ ಊರು ಕಾಕತಿ ಕಡೆ. ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ಅಕ್ಕನೂ ಅವಳ ಗಂಡ ಸತ್ಯಪ್ಪ ಮಾವನೂ ನೂರಾ ಅರವತ್ತು ಕುರಿ ಹೊಡೆದುಕೊಂಡು ನಮ್ಮ ಓಣಿಯ ಹೊಲಗಳಿಗೆ ಬರುತ್ತಾರೆ. ಒಂದೂವರೆ ತಿಂಗಳು ಗೊಬ್ಬರಕ್ಕಾಗಿ ರಾತ್ರಿ ಹೊಲದಲ್ಲಿ ಕುರಿ ತರುಬಿ, ಬನದ ಹುಣ್ಣಿಮೆ ಆದ ಮೇಲೆ ಖಾನಾಪುರದ ಭತ್ತದ ಗದ್ದೆಗಳ ಕಡೆ ಹೋಗುತ್ತಾರೆ. ನಮ್ಮ ಅಪ್ಪನೂ ಹಾಗೇ ಬದುಕಿದವನು. ನಾನು ಕುರಿ ಮಾರಿ ಡಾಂಬರಿಗೆ ಬಂದೆ. ಮುಂದೆ ಬಂದೆ ಅಂದುಕೊಂಡಿದ್ದೆ.

ಅಕ್ಕ ಪ್ರಮಿಳಾಳ ಕಾಲು ನೋಡಿದಳು. ಗೂಟದ ಪಾಟೀಚೀಲ ನೋಡಿದಳು. ಮರುದಿನ ಮುಂಜಾನೆ ಓಣಿಯ ಮಕ್ಕಳನ್ನೆಲ್ಲ ಕರೆದಳು.

"ಕುರಿ ನಡುವ ಸೇರ್ರಿ. ಉಣ್ಣೆ ಹಿಡಕೊಳ್ರಿ. ಯಾರೂ ಓಡಬ್ಯಾಡ್ರಿ."

ಅಕ್ಕನ ಲೆಕ್ಕ ಸರಳವಾಗಿತ್ತು. ಅದರ ಹಿಂದಿನ ವರ್ಷ ಅದೇ ಜಾಗದಲ್ಲಿ ಅವಳದೊಂದು ಕುರಿ ಲಾರಿಗೆ ಸಿಕ್ಕು ಸತ್ತಿತ್ತು. ಆ ಲಾರಿ ನಿಂತಿತ್ತು. ಕುರುಬರು ಬಡಿಗೆ ಹಿಡಿದು ಸುತ್ತುವರಿದರು; ಹೊತ್ತು ಮುಳುಗುವವರೆಗೆ ಅದು ಅಲ್ಲಾಡಲಿಲ್ಲ. ಅಂದಿನಿಂದ ಆ ರಸ್ತೆಯ ಡ್ರೈವರುಗಳು ಹಿಂಡು ಕಂಡರೆ ದೂರದಿಂದಲೇ ಬ್ರೇಕು ತುಳಿಯುತ್ತಾರೆ. ಮಕ್ಕಳನ್ನು ಕಂಡರೆ ಹಾರ್ನ್ ಬಾರಿಸುತ್ತಾರೆ. ಹಾಗಾದರೆ ಮಕ್ಕಳನ್ನು ಎಲ್ಲಿ ಇಡಬೇಕು, ಇಷ್ಟು ತಿಳಿಯಲು ಶಾಲೆ ಕಲಿಯಬೇಕಿಲ್ಲ.

ಮುಂಜಾನೆ ಹತ್ತಕ್ಕೆ ಹಿಂಡು ಆಚೆ ಬದಿಗೆ ಮೇಯಲು ಹೋಗುತ್ತದೆ. ಸಂಜೆ ಐದಕ್ಕೆ ತಿರುಗಿ ಬರುತ್ತದೆ. ಶಾಲೆಯ ಹೊತ್ತೂ ಅದೇ. ಮುಂದೆ ಅಕ್ಕ, ಬಡಿಗೆ ಅಡ್ಡ ಹಿಡಿದು. ಅವಳ ಬೆನ್ನಿಗೆ ಗಂಟೆ ಕಟ್ಟಿದ ಟಗರು. ನಡುವೆ ಮೂವತ್ತೇಳು ಮಕ್ಕಳು, ಕುರಿಯ ಬೆನ್ನಿಗಿಂತ ಒಂದು ಗೇಣು ಎತ್ತರ. ಹಿಂದೆ ಮಾವ ಮತ್ತು ನಾಯಿ. ಶೀತಲಳ ಚೀಲ ಗೂಟದಿಂದ ಇಳಿಯಿತು. ಶಿವಬಸವ್ವ ರಸ್ತೆಯ ಅಂಚಿಗೆ ಬಂದು, ಅವಳು ಆಚೆ ಮುಟ್ಟುವವರೆಗೆ ಸೆರಗು ಬಾಯಲ್ಲಿ ಕಚ್ಚಿ ನಿಲ್ಲುತ್ತಿದ್ದಳು.

ಖಾನಾಪುರದಿಂದ ಹಂಚು ತರುವ ಹಣಮಪ್ಪನ ಲಾರಿ ದಿನವೂ ಅದೇ ಹೊತ್ತಿಗೆ ಬರುತ್ತಿತ್ತು. ಒಳ್ಳೆಯ ಮನುಷ್ಯ. ಹಿಂಡು ದಾಟುವವರೆಗೆ ಇಂಜಿನ್ ಬಂದ್ ಮಾಡಿ ಬೀಡಿ ಹಚ್ಚುತ್ತಿದ್ದ. ಕಿಟಕಿಯಿಂದ ತಲೆ ಹಾಕಿ, "ಸಾವಕಾಶ ಹೋಗ್ಲಿರಿ ಅಕ್ಕಾರ, ಮರಿ ತುಳದಾವು," ಅನ್ನುತ್ತಿದ್ದ.

ಶಾಲೆಯಲ್ಲಿ ಗುರುಸಿದ್ದ ಮಾಸ್ತರರು ಮಕ್ಕಳಿಂದ ಕುರಿ ನಾತ ಬರುತ್ತದೆ ಎಂದು ಗೊಣಗಿದರು. ಬರಲಿ. ಆಸ್ಪತ್ರೆಯ ನಾತ ನನಗೆ ಗೊತ್ತಿದೆ. ಕುರಿ ನಾತವೇ ವಾಸಿ.

ಹೀಗಿರುವಾಗ ನಮ್ಮ ಮಕ್ಕಳ ಉದ್ಧಾರಕ್ಕೆ ಒಂದು ಸಮಿತಿ ಹುಟ್ಟಿತು. ಹೆಸರು 'ಸುರಕ್ಷಿತ ಹೆಜ್ಜೆ'. ಎರಡು ಸಾವಿರದ ಇಸವಿ ಬರುತ್ತಿತ್ತಲ್ಲ, ಹೊಸ ಸಹಸ್ರಮಾನಕ್ಕೆ ಏನಾದರೂ ಮಾಡಬೇಕೆಂದು ಊರಿನ ದೊಡ್ಡವರಿಗೆ ಕೈ ತುರಿಸುತ್ತಿತ್ತು. ಅಧ್ಯಕ್ಷರು ಕೃಷ್ಣಾಜಿ, ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಕಾರ್ಯದರ್ಶಿ ಅವರ ಮನೆಯವರು ಕುಂದಾಬಾಯಿ. ಗಂಡನೇ ಅಧ್ಯಕ್ಷ, ಹೆಂಡತಿಯೇ ಕಾರ್ಯದರ್ಶಿ ಆದ್ದರಿಂದ ಸಭೆಗಳು ಊಟದ ಹೊತ್ತಿಗೆ ಸರಿಯಾಗಿ ಮುಗಿಯುತ್ತಿದ್ದವು. ಮಕ್ಕಳು ಶಾಲೆಗೆ ಎಲ್ಲಿ ರಸ್ತೆ ದಾಟುತ್ತಾರೋ ಎಣಿಸುವುದು, ಹೆಚ್ಚು ಮಕ್ಕಳು ದಾಟುವ ಕಡೆ ಇಲಾಖೆಯಿಂದ ಪಟ್ಟೆ ಬಳಿಸಿ ಪೊಲೀಸನನ್ನು ನಿಲ್ಲಿಸುವುದು ಅವರ ಯೋಜನೆ. ಯೋಜನೆಯಲ್ಲಿ ತಪ್ಪೇನಿಲ್ಲ. ನಾನೂ ಖುಷಿಪಟ್ಟೆ. ಖುಷಿಪಟ್ಟಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಎಣಿಸಲು ನಮ್ಮಲ್ಲಿಗೆ ವಿಕ್ರಮ ಎಂಬ ಎಂಜಿನಿಯರ್ ಬಂದ. ಹುಣಸೆ ಮರದ ನೆರಳಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಮೂರು ದಿನ ಕೂತ. ಕೈಯಲ್ಲಿ ಕಾಗದ, ಅದರಲ್ಲಿ ಕಾಲಂಗಳು. ಲಾರಿ, ಬಸ್ಸು, ಕಾರು, ಸೈಕಲ್, ಚಕ್ಕಡಿ, ಜಾನುವಾರು, ಪಾದಚಾರಿ. ಅಕ್ಕ ಅವನಿಗೆ ದಿನವೂ ಒಂದು ತಂಬಿಗೆ ಮಜ್ಜಿಗೆ ಕೊಟ್ಟಳು. ನಮ್ಮ ಮಕ್ಕಳು ದಾಟುವಾಗ ಅವನತ್ತ ಕೈಬೀಸಿದವು. ಅವನೂ ಬೀಸಿದ. ಬೀಸಿ, ಬರೆದ.

ಡಿಸೆಂಬರ್ ಕೊನೆಗೆ ಸಭೆ. ಬೆಂಚು ಹೊರಲು ನನ್ನನ್ನು ಕರೆಸಿದ್ದರು. ಹಿಂದೆ ಗೋಡೆಗೆ ಆತು ನಿಂತಿದ್ದೆ. ವಿಕ್ರಮ ಓದಿದ. ಖಾನಾಪುರ ರಸ್ತೆಯಲ್ಲೇ ಊರೊಳಗಿನ ದೊಡ್ಡ ಇಂಗ್ಲಿಷ್ ಶಾಲೆಯ ಮುಂದೆ ಮಕ್ಕಳು ನಾನೂರ ಹನ್ನೆರಡು. ಅನಗೋಳದ ಆಚೆ ನಮ್ಮ ಜಾಗದಲ್ಲಿ ಪಾದಚಾರಿ ಮಕ್ಕಳು ಸೊನ್ನೆ. ಜಾನುವಾರು, ಹಿಂಡು ಒಂದು, ದಿನಕ್ಕೆ ಎರಡು ಸಲ.

ತಪ್ಪಾಗಿ ಕೇಳಿತೇನೋ ಎಂದು ಮುಂದೆ ಹೋದೆ.

"ಸಾಹೇಬ್ರ, ಅಲ್ಲಿ ಮೂವತ್ತೇಳು ಮಕ್ಕಳು ದಾಟತಾವ್ರಿ. ನೀವ ಕೈ ಬೀಸಿದ್ರಿ."

"ದಾಟತಾರ ಖರೇ," ಎಂದ ವಿಕ್ರಮ. ಅವನಿಗೆ ಸಿಟ್ಟೇನೂ ಇರಲಿಲ್ಲ. "ಆದ್ರ ಹಿಂಡು ಅಂದ್ರ ಒಂದು ಯುನಿಟ್. ಒಂದು ಯುನಿಟ್ ಎರಡು ಕಾಲಂನಾಗ ಬರಿಯಾಕ ಬರೂದಿಲ್ಲ. ಫಾರ್ಮ್ ಹಂಗದ."

"ಇಂಗ್ಲಿಷ್ ಸಾಲೀ ಮಕ್ಕಳು ಕಾರಿನ್ಯಾಗ ಗೇಟಿನ ಒಳಗ ಇಳೀತಾವ್ರಿ. ಅವು ಎಲ್ಲಿ ರಸ್ತಾ ದಾಟತಾವ?"

ಕೃಷ್ಣಾಜಿಯವರು ಕನ್ನಡಕ ಒರೆಸಿಕೊಂಡರು. "ಅಹೋ ರಾಮಲಿಂಗ, ನಾವೆಲ್ಲಾ ನಿಮ್ಮ ಸಲುವಾಗೇ ಕೂತೇವಿ. ನಿಮ್ಮ ಹುಡುಗರನ್ನ ಯಾರು ಕುರಿಯಾಗ ಹಾಕಾಕ ಹೇಳಿದ್ರು? ಮನಶ್ಯಾರಂಗ ದಾಟಿದ್ರ ಮನಶ್ಯಾರ ಕಾಲಂನಾಗ ಬರತಿದ್ರು. ಬರೋಬರಿ ಅದನೋ ಇಲ್ಲೋ?"

ಸಭೆ ನಕ್ಕಿತು. ಮನುಷ್ಯರ ಹಾಗೆ ದಾಟಿದ ನನ್ನ ಮಗಳು ಮನೆಯಲ್ಲಿ ಕಾಲೆಳೆದುಕೊಂಡು ಕಸ ಹೊಡೆಯುತ್ತಿದ್ದಳು. ಅದಕ್ಕೂ ಒಂದು ಕಾಲಂ ಇತ್ತೋ ಏನೋ. ಬೆಂಚುಗಳನ್ನು ಎತ್ತಿ ಹೊರಗೆ ಇಟ್ಟು ಬಂದೆ.

ಇಂಗ್ಲಿಷ್ ಶಾಲೆಯ ಮುಂದೆ ಪಟ್ಟೆ ಬಳಿಯುವ ಕೆಲಸವೂ ನನಗೇ ಬಂತು. ಎರಡು ದಿನ ಕುಕ್ಕರಗಾಲಲ್ಲಿ ಕೂತು ಬಳಿದೆ. ಮೊದಲು ತಂತಿ ಬ್ರಷ್ಷಿನಿಂದ ಡಾಂಬರು ತಿಕ್ಕಬೇಕು, ಆಮೇಲೆ ದಾರ ಹಿಡಿದು ಗೆರೆ, ಆಮೇಲೆ ಬಣ್ಣ, ಒಣಗಿದ ಮೇಲೆ ಇನ್ನೊಮ್ಮೆ. ಟರ್ಪೆಂಟೈನ್ ವಾಸನೆಗೆ ತಲೆ ಸಿಡಿಯಿತು. ಮೊಣಕಾಲು ಸೆಟೆದು ಏಳಲು ಬಾರದೆ ಕೈಯೂರಿ ಏಳುತ್ತಿದ್ದೆ. ಎರಡು ದಿನದಲ್ಲಿ ಒಂದು ಮಗುವೂ ಅಲ್ಲಿ ರಸ್ತೆ ದಾಟಲಿಲ್ಲ. ಕಾರುಗಳು ನನ್ನನ್ನು ಸುತ್ತಿ ಗೇಟಿನೊಳಗೆ ಹೋದವು. ಒಬ್ಬರು ಗಾಜು ಇಳಿಸಿ, ಬಣ್ಣ ಟೈರಿಗೆ ಹತ್ತುತ್ತದೆ, ಆಮೇಲೆ ಬಳಿಯಲು ಬರುವುದಿಲ್ಲವೇ ಎಂದು ಕೇಳಿದರು. ಬಹಳ ಬಿಳಿಯಾದ ಪಟ್ಟೆ. ಯಾರೂ ತುಳಿಯದ ಪಟ್ಟೆ ಬಿಳಿಯಾಗಿಯೇ ಇರುತ್ತದೆ.

ಆಗ ಸಮಿತಿಗೆ ಒಂದು ತೊಂದರೆ ಬಂತು. ಜನವರಿ ಮೊದಲ ವಾರ ರಸ್ತೆ ಸುರಕ್ಷತಾ ಸಪ್ತಾಹ. ಜಿಲ್ಲೆಯ ದೊಡ್ಡ ಸಾಹೇಬರು ರಿಬ್ಬನ್ ಕತ್ತರಿಸಬೇಕು, ಮಕ್ಕಳು ಪಟ್ಟೆಯ ಮೇಲೆ ನಡೆದು ದಾಟಬೇಕು, ಫೋಟೋ ತೆಗೆಯಬೇಕು. ಅಲ್ಲಿ ನಡೆಯುವ ಮಕ್ಕಳೇ ಇಲ್ಲ. ಕಾರಿನಿಂದ ಇಳಿಸಿ ಬಿಸಿಲಲ್ಲಿ ನಿಲ್ಲಿಸಲು ತಂದೆತಾಯಿಗಳು ಒಪ್ಪಲಿಲ್ಲ. ಹಿಂದಿನ ದಿನ ಕುಂದಾಬಾಯಿ ನಮ್ಮ ಓಣಿಗೆ ಬಂದರು. ಕಾರು ನಿಲ್ಲಿಸಿ, ಕುರಿಹಿಕ್ಕೆ ತಪ್ಪಿಸಿ ಹೆಜ್ಜೆ ಇಡುತ್ತ ಬಂದರು.

"ನಿಮ್ಮ ಹುಡುಗರನ್ನ ನಾಳೆ ಕಳಸ್ರಿ. ಸ್ವಚ್ಛ ಅರಿವಿ ಹಾಕಿ ಕಳಸ್ರಿ. ರೂಢಿ ಇದ್ದವರು, ಛಲೋ ನಡೀತಾರ. ಎಲ್ಲಾರಿಗೂ ಒಂದೊಂದು ಪೇಢಾ ಕೊಡ್ತೇವಿ."

ಎಣಿಸುವಾಗ ಕುರಿ, ಫೋಟೋಕ್ಕೆ ಮಕ್ಕಳು. ನಾನು ಬಾಯಿ ತೆಗೆಯುವಷ್ಟರಲ್ಲಿ ಅಕ್ಕ ಕೈ ಅಡ್ಡ ಹಿಡಿದಳು. ಅವಳು ಕಟ್ಟೆಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದಳು.

"ಕಳಸ್ತೇವ್ರಿ ಬಾಯಿ. ದಿನಾ ಹೆಂಗ ದಾಟತಾವೋ ಹಂಗ ಬರತಾವ."

"ಅದ ಬೇಕು ನಮಗ," ಎಂದರು ಕುಂದಾಬಾಯಿ. "ನಾಟಕ ಅನಸಬಾರದು."

ಮರುದಿನ ಮುಂಜಾನೆ ಪೆಂಡಾಲು, ಬಾಳೆಕಂಬ, ಪಟ್ಟೆಗೆ ಅಡ್ಡವಾಗಿ ಚೆಂಡುಹೂ ಸುತ್ತಿದ ರಿಬ್ಬನ್. 'ಹೊಸ ಸಹಸ್ರಮಾನಕ್ಕೆ ಸುರಕ್ಷಿತ ಹೆಜ್ಜೆ' ಎಂಬ ಬ್ಯಾನರು. ಪಟ್ಟೆಯ ಮೇಲೆ ಟೈರಿನ ಕಲೆ ಬಿದ್ದರೆ ಒರೆಸಲು ನನ್ನ ಕೈಗೆ ಒಂದು ಅರಿವೆ ಕೊಟ್ಟು ಬದಿಗೆ ನಿಲ್ಲಿಸಿದ್ದರು. ದೊಡ್ಡ ಸಾಹೇಬರು ಮಕ್ಕಳೇ ದೇಶದ ಆಸ್ತಿ ಎಂದರು. ಕೃಷ್ಣಾಜಿಯವರು ಅದನ್ನೇ ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದರು. ಸಾಹೇಬರು ಕತ್ತರಿ ಹಿಡಿದು ಕೆಳಗಿಳಿದರು.

ಅಷ್ಟರಲ್ಲಿ ಟಗರಿನ ಗಂಟೆ ಕೇಳಿತು.

ಖಾನಾಪುರ ರಸ್ತೆಯ ತುಂಬ ಹಿಂಡು. ಮುಂದೆ ಅಕ್ಕ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಅಡ್ಡ ಬಡಿಗೆ. ಕುರಿಗಳ ನಡುವೆ ನಮ್ಮ ಮಕ್ಕಳು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು. ಬಸ್ಸು, ಲಾರಿ, ಕಾರು ಎಲ್ಲ ಹಿಂದೆ ಸಾಲಾಗಿ ನಿಂತಿದ್ದವು. ಟಗರು ನೇರವಾಗಿ ಬಂದು ರಿಬ್ಬನ್ನಿನ ಚೆಂಡುಹೂ ತಿನ್ನತೊಡಗಿತು. ಸಾಹೇಬರ ಕತ್ತರಿಗೆ ಕೆಲಸ ಉಳಿಯಲಿಲ್ಲ. ಹಿಂಡು ನನ್ನ ಬಿಳಿ ಪಟ್ಟೆಯ ಮೇಲೆ ಬಂದು ನಿಂತಿತು. ನಿಂತ ಕುರಿ ಏನು ಮಾಡುತ್ತದೋ ಅದನ್ನೇ ಮಾಡಿತು.

"ಏನಿದು?" ಎಂದರು ದೊಡ್ಡ ಸಾಹೇಬರು.

"ರಾಮಲಿಂಗ, ಹೊಡಿ ಆ ಕುರಿ," ಎಂದರು ಕೃಷ್ಣಾಜಿ. "ಜಲ್ದಿ ಹೊಡಿ."

ಹದಿನೇಳು ವರ್ಷ ಗ್ಯಾಂಗಿನಲ್ಲಿ ದುಡಿದಿದ್ದೇನೆ. ಹೇಳಿದ ಕೆಲಸ ಆಗುವುದಿಲ್ಲ ಎಂದವನಲ್ಲ. ಅವತ್ತು ಅರಿವೆಯನ್ನು ನೆಲಕ್ಕೆ ಬಿಟ್ಟೆ.

"ಯಾವ ಕುರಿ ಹೊಡೀಲ್ರಿ? ನಿಮ್ಮ ಕಾಗದದಾಗ ಎಲ್ಲಾ ಕುರೀನ ಅದಾವ. ನನ್ನ ಮಗಳೂ ಅದರಾಗ ಅದಾಳ. ಬೇರೆ ಮಾಡಿ ತೋರಸ್ರಿ, ಹೊಡೀತೇನಿ."

ಸಾಹೇಬರು ಕಾಗದ ತರಿಸಿ ಓದಿದರು. ಓದಿ, ಇನ್ನೊಮ್ಮೆ ಎಣಿಸಿ ಎಂದರು. ವಿಕ್ರಮ ಬೆರಳು ಚಾಚಿ ಎಣಿಸಿದ. ಒಮ್ಮೆ ಮೂವತ್ತೈದು ಬಂತು. ಇನ್ನೊಮ್ಮೆ ನಲವತ್ತು ಬಂತು. ಕುರಿ ನಿಲ್ಲುವುದಿಲ್ಲ, ಮಕ್ಕಳೂ ನಿಲ್ಲುವುದಿಲ್ಲ.

ಅಕ್ಕ ಅವನನ್ನು ನೋಡಿ ನಿಟ್ಟುಸಿರು ಬಿಟ್ಟಳು. ಕುರುಬರು ಸಂಜೆ ಹಿಂಡು ಎಣಿಸುವಾಗ ಸಣ್ಣ ಸಂದು ಮಾಡಿ ಒಂದೊಂದನ್ನೇ ಬಿಡುತ್ತಾರೆ. ಅಕ್ಕ ಬಾಳೆಕಂಬಕ್ಕೂ ತನ್ನ ಬಡಿಗೆಗೂ ನಡುವೆ ಒಂದು ಮೊಳದ ಸಂದು ಬಿಟ್ಟು ನಿಂತಳು.

"ಹಿಂಗ ಎಣಸ್ಬೇಕು. ಒಬ್ಬೊಬ್ಬರ ಬರ್ರಿ. ಹೆಸರು ಹೇಳ್ರಿ. ನೀ ಬರೀ ತಮ್ಮಾ."

ಮಕ್ಕಳು ಒಂದೊಂದಾಗಿ ಸಂದಿನಿಂದ ಹೊರಬಂದವು. ಹೆಸರು, ಇಯತ್ತೆ, ಹೆಸರು, ಇಯತ್ತೆ. ಶೀತಲ ಬಂದು, "ಶೀತಲ ರಾಮಲಿಂಗ, ನಾಲ್ಕನೇ ಇಯತ್ತೆ," ಎಂದು ಶಾಲೆಯಲ್ಲಿ ಹಾಜರಿ ಹೇಳುವ ಹಾಗೆ ಜೋರಾಗಿ ಹೇಳಿದಳು. ನನ್ನ ಕಣ್ಣು ತುಂಬಿತು. ಮೂವತ್ತೇಳಕ್ಕೆ ನಿಂತಿತು. ದೊಡ್ಡ ಸಾಹೇಬರು ಕಾಗದ ತಿದ್ದಿ ಕ್ರಮ ತೆಗೆದುಕೊಳ್ಳಿ ಎಂದರು. ಜನ ಚಪ್ಪಾಳೆ ತಟ್ಟಿದರು. ಪೇಢಾ ಮಾತ್ರ ಯಾರೂ ಕೊಡಲಿಲ್ಲ. ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು, ಕುರಿ ಹಿಂಡಿನಿಂದ ಸಂಚಾರಕ್ಕೆ ಅಡ್ಡಿ ಎಂದು.

ಆದರೂ ನಾವು ಕಾದೆವು. ಸಾಹೇಬರ ಬಾಯಿಂದ ಬಂದ ಮಾತಲ್ಲವೇ. ಬನದ ಹುಣ್ಣಿಮೆ ಹತ್ತಿರ ಬರುತ್ತಿತ್ತು. ಹಿಂಡು ಹೋದ ಮರುದಿನ ಶೀತಲಳ ಚೀಲ ಮತ್ತೆ ಗೂಟಕ್ಕೆ ಹೋಗುತ್ತದೆ ಎಂದು ಶಿವಬಸವ್ವ ಮೊದಲೇ ಹೇಳಿಬಿಟ್ಟಿದ್ದಳು. ನಾನು ದಿನವೂ ಇಲಾಖೆಯ ಶೆಡ್ಡಿಗೆ ಹೋಗಿ ಕೇಳುತ್ತಿದ್ದೆ. ಕೊನೆಗೆ ಹಿಂಡು ಹೊರಡುವ ದಿನವೇ ನಮ್ಮ ಮೇಸ್ತ್ರಿ ಸಾತಪ್ಪ ಕರೆದ.

"ನಿಮ್ಮ ಕ್ರಮ ಬಂತೋ ರಾಮಲಿಂಗ. ಗುದ್ದಲಿ ತಗೋ, ಹುಗದು ಬಾ."

ಗೋಡೆಗೆ ಒಂದು ಬೋರ್ಡು ಆನಿಸಿಟ್ಟಿತ್ತು. ಮೂರು ಮೂಲೆ, ಸುತ್ತ ಕೆಂಪು, ನಡುವೆ ಒಂದು ಆಕಳ ಚಿತ್ರ. ಒಳ್ಳೆ ಮೈತುಂಬಿದ ಆಕಳು. ಕೆಳಗೆ, 'ಜಾನುವಾರು ದಾಟುವ ಸ್ಥಳ, ನಿಧಾನ'. ಜೊತೆಗಿದ್ದ ಕಾಗದವನ್ನೂ ನೋಡಿದೆ. ಏಳನೇ ಇಯತ್ತೆ ಓದಿದ್ದೇನೆ, ಓದಲು ಬರುತ್ತದೆ. ತಿದ್ದಿದ್ದರು. ಖರೇ ತಿದ್ದಿದ್ದರು. ಪಾದಚಾರಿ ಮಕ್ಕಳು ಸೊನ್ನೆ. ಜಾನುವಾರು, ಹಿಂಡು ಒಂದು, ಮತ್ತು ಮೂವತ್ತೇಳು. ಪಾದಚಾರಿ ಕಾಲಂಗೆ ಮೊದಲೇ ಸಹಿ ಬಿದ್ದಿತ್ತಂತೆ. ಸಹಿ ಬಿದ್ದ ಕಾಲಂ ತೆರೆಯಲು ಬರುವುದಿಲ್ಲವಂತೆ. ಜಾನುವಾರು ಕಾಲಂನಲ್ಲಿ ಜಾಗ ಇತ್ತು.

ನಾನು ನಕ್ಕೆ.

"ಇದನ್ನ ನಾ ಹುಗ್ಯಾಂಗಿಲ್ಲ ಮೇಸ್ತ್ರಿ."

"ಒಂದು ಬೋರ್ಡಾದ್ರೂ ಐತಲ್ಲೋ. ಲಾರಿಯವರು ನಿಧಾನ ಹೋಗ್ತಾರ. ನಿನಗ ಅದ ಬೇಕಿತ್ತಲ್ಲ?"

"ನನ್ನ ಮಗಳ ತಲೀ ಮ್ಯಾಲ ಆಕಳ ಚಿತ್ರ ನನ್ನ ಕೈಯಿಂದ ನಿಂದರಸಾಂಗಿಲ್ಲ."

"ನಾಳಿಂದ ಕೆಲಸಕ್ಕ ಬರಬ್ಯಾಡ ಅಂತಾರ."

"ಅನ್ನಲಿ."

ಗುದ್ದಲಿಯನ್ನು ಅವನ ಕಾಲ ಬಳಿ ಇಟ್ಟು ಬಂದೆ. ಬೋರ್ಡನ್ನು ಬೇರೆ ಯಾರೋ ಹುಗಿದರು. ಹುಣಸೆ ಮರದ ಹತ್ತಿರ ಈಗಲೂ ಇದೆ. ಕೊಂಬೆ ಬೆಳೆದು ಆಕಳ ಅರ್ಧ ಮೈ ಮುಚ್ಚಿದೆ.

ಮಧ್ಯಾಹ್ನ ಹಿಂಡು ಖಾನಾಪುರದ ಕಡೆ ಹೊರಟಿತು. ನಾನು ನಡೆದದ್ದನ್ನು ಹೇಳಿದೆ. ಅಕ್ಕ ತನ್ನ ಬಡಿಗೆಯನ್ನು ನನ್ನ ಕೈಗೆ ಕೊಟ್ಟಳು. ಟಗರಿನ ಕೊರಳ ಗಂಟೆ ಬಿಚ್ಚಿ ಪ್ರಮಿಳಾಳ ಉಡಿಗೆ ಹಾಕಿದಳು.

"ಹಿಂಡಿನ ಮುಂದ ಯಾವಾಗಲೂ ಓಡದಂಥಾದ್ದನ್ನ ಬಿಡಬೇಕು," ಎಂದಳು. "ಓಡೂದು ಮುಂದಿದ್ರ ಎಲ್ಲಾವೂ ಓಡಿ ಸಾಯ್ತಾವ."

ಮರುದಿನ ಹತ್ತಕ್ಕೆ ಮಕ್ಕಳು ರಸ್ತೆಯ ಅಂಚಿನಲ್ಲಿ ನಿಂತವು. ಕುರಿ ಇಲ್ಲದೆ ಅವು ಬಹಳ ಸಣ್ಣವು ಅನಿಸಿದವು. ಶಿವಬಸವ್ವ ಶೀತಲಳ ರಟ್ಟೆ ಬಿಟ್ಟಿರಲಿಲ್ಲ. ಪ್ರಮಿಳಾ ತನ್ನ ಹಳೆಯ ಚೀಲ ಹೆಗಲಿಗೆ ಹಾಕಿಕೊಂಡು ಬಂದಿದ್ದಳು. ಆರು ತಿಂಗಳಿಂದ ಆ ಅಂಚಿಗೆ ಬಂದವಳಲ್ಲ. ಅವಳ ಉಡಿಯಲ್ಲಿ ಗಂಟೆ ಸಣ್ಣಗೆ ಸದ್ದು ಮಾಡುತ್ತಿತ್ತು. ನಾನು ಬಡಿಗೆ ಅಡ್ಡ ಹಿಡಿದು ರಸ್ತೆಯ ನಡುವೆ ಹೋಗಿ ನಿಂತೆ.

ಖಾನಾಪುರದ ಕಡೆಯಿಂದ ಹಂಚಿನ ಲಾರಿ ಬಂತು. ಹಾರ್ನ್ ಹೊಡೆಯಿತು. ನಾನು ಸರಿಯಲಿಲ್ಲ. ಇನ್ನೊಮ್ಮೆ ಹೊಡೆಯಿತು. ಬಡಿಗೆಯನ್ನು ಇನ್ನೂ ಮೇಲೆತ್ತಿ ಹಿಡಿದೆ. ಬ್ರೇಕು ಕಿರುಚಿ ಲಾರಿ ನಾಲ್ಕು ಮಾರು ದೂರದಲ್ಲಿ ನಿಂತಿತು. ಹಿಂದೆ ಹಂಚುಗಳು ಒಂದರ ಮೇಲೊಂದು ಜರುಗಿದವು. ಹಣಮಪ್ಪ ಕಿಟಕಿಯಿಂದ ತಲೆ ಹಾಕಿ ಆಚೆ ಈಚೆ ನೋಡಿದ.

"ಕುರಿ ಎಲ್ಲಿ ಅದಾವೋ?"

"ಕುರಿ ಇಲ್ಲ. ಮಕ್ಕಳದಾವ."

"ಹಂಗಾರ ನನ್ನ ಯಾಕ ನಿಂದರಿಸಿದಿ?" ಅವನು ಜಗಳಕ್ಕೆ ಕೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ. "ಕುರಿಗೆ ಹಾರ್ನ್ ತಿಳಿಯಾಂಗಿಲ್ಲ ಅಂತ ನಿಂದರತೇನಿ. ಮಕ್ಕಳಿಗೆ ತಿಳೀತೈತಲ್ಲ, ಓಡ್ತಾವ."

ನಾನು ಹಿಂದೆ ನೋಡಿದೆ. ಪ್ರಮಿಳಾ ಆಗಲೇ ರಸ್ತೆಗೆ ಇಳಿದಿದ್ದಳು. ಒಳ್ಳೆಯ ಕಾಲು ಮುಂದಿಟ್ಟು, ನಿಂತು, ಗಿಡ್ಡ ಕಾಲನ್ನು ಎಳೆದುಕೊಂಡು, ಗಂಟೆ ಹಿಡಿದು ಬರುತ್ತಿದ್ದಳು. ಅವಳ ಹಿಂದೆ ಶೀತಲ ತನ್ನಕ್ಕನ ಲಂಗ ಹಿಡಿದಿದ್ದಳು. ಶೀತಲಳ ಹಿಂದೆ ಉಳಿದವರು.

"ಇವತ್ತಿಂದ ಇವಕ್ಕೂ ತಿಳಿಯಾಂಗಿಲ್ಲ," ಎಂದೆ.

ಹಣಮಪ್ಪ ಪ್ರಮಿಳಾಳ ಕಾಲು ನೋಡಿದ. ಆಮೇಲೆ ಕೈ ಚಾಚಿ ಇಂಜಿನ್ ಬಂದ್ ಮಾಡಿದ.